ಬೆಹಾಲಾ ಟ್ರಾಮಿನಲ್ಲಿ ಶ್ಯಾವಿಗೆ ಒರಳು

ದೇವದಾಸ ಸುಳ್ಳು ಹೇಳುವವರ ಪೈಕಿ ಅಲ್ಲ. ಅದನ್ನು ಅವನ ಸತ್ಯನಿಷ್ಠೆ ಎಂದು ಯಾರೂ ತಿಳಿಯಬಾರದು. ಸುಳ್ಳು ಹೇಳಿದವನು ಅದನ್ನು ನೆನಪಿಟ್ಟುಕೊಳ್ಳಬೇಕು. ಈ ಮನುಷ್ಯನಿಗೆ ಬೆಳಿಗ್ಗೆ ಹಿಡಿದುಕೊಂಡು ಹೋದ ಕೊಡೆ ಸಂಜೆಗೆ ನೆನಪಿರುತ್ತಿರಲಿಲ್ಲ. ಹೀಗಾಗಿ ಮೂವತ್ತೆರಡು ವರ್ಷ ಬೇರೆ ದಾರಿಯಿಲ್ಲದೆ ಸತ್ಯವಂತನಾಗಿ ಬಾಳಿದ. ಆಮೇಲೆ ೧೯೭೪ರ ಡಿಸೆಂಬರಿನ ಒಂದು ಶನಿವಾರ, ಕಲ್ಕತ್ತೆಯ ಬೆಹಾಲಾ ಟ್ರಾಮಿನ ಫಸ್ಟ್ ಕ್ಲಾಸಿನಲ್ಲಿ ಕೂತು ಒಂದೇ ಒಂದು ಸುಳ್ಳು ಹೇಳಿದ. ಅಷ್ಟಕ್ಕೇ ಡಾಲ್‌ಹೌಸಿಯ ಒಂದು ಬ್ಯಾಂಕಿನಲ್ಲಿ ಅರ್ಧ ದಿನ ಕೆಲಸ ನಿಂತಿತು, ನಲವತ್ತು ಜನ ಗಂಟಲು ಹರಿಯುವಂತೆ ಘೋಷಣೆ ಕೂಗಿದರು, ಒಬ್ಬ ಮ್ಯಾನೇಜರ್ ರಕ್ತದೊತ್ತಡದ ಗುಳಿಗೆ ನುಂಗಿದರು. ಅಭ್ಯಾಸವಿಲ್ಲದವರು ಸುಳ್ಳಿಗೆ ಕೈಹಾಕಿದರೆ ಹೀಗೇ ಆಗುವುದು.

ಅವನು ಕುಂದಾಪುರದ ಕಡೆಯವನು, ಆ ಬ್ಯಾಂಕಿನಲ್ಲಿ ಗುಮಾಸ್ತ. ಬೆಹಾಲಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗಿ ಎಂಟು ತಿಂಗಳು. ಹೆಂಡತಿ ಸುಗಂಧಿ ಊರಿನಲ್ಲಿ ಹತ್ತು ಮನೆಗೆ ಕೇಳುವ ಹಾಗೆ ಮಾತಾಡುತ್ತಿದ್ದ ಹುಡುಗಿ. ಇಲ್ಲಿಗೆ ಬಂದ ಮೇಲೆ ಬಾಯಿಗೆ ಬೀಗ ಬಿತ್ತು. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ನಿಂತು ಬಂಗಾಳಿಯಲ್ಲಿ ಏನೋ ಕೇಳುತ್ತಾರೆ, ಇವಳು ನಗುತ್ತಾಳೆ. ಅವರು ಮತ್ತೆ ಕೇಳುತ್ತಾರೆ, ಇವಳು ಮತ್ತೆ ನಗುತ್ತಾಳೆ. ಎಂಟು ತಿಂಗಳು ನಕ್ಕು ನಕ್ಕು ಅವಳಿಗೆ ಅಳು ಬಂದುಬಿಟ್ಟಿತ್ತು. ಅವಳ ಸೋದರಮಾವ ಕಾಶಿಯಾತ್ರೆ ಮುಗಿಸಿ ಬಂದು, ಗುರುವಾರದ ಮದ್ರಾಸ್ ಮೇಲ್ ರೈಲಿನಲ್ಲಿ ಊರಿಗೆ ಹೊರಡುವವರಿದ್ದರು. ಅವರ ಜೊತೆ ತನಗೂ ಒಂದು ಟಿಕೆಟ್ ಮಾಡಿಸಿ ಎಂದಳು. ಮಾಡಿಸಿದ್ದೂ ಆಯಿತು.

"ಎಷ್ಟು ದಿನಕ್ಕೆ?" ಎಂದು ದೇವದಾಸ ಕೇಳಿದ.

"ನೋಡುವ."

ಅವಳು ಟ್ರಂಕಿಗೆ ಧಾರೆ ಸೀರೆ ಹಾಕಿದಳು. ದೇವರ ಮುಂದಿನ ದೀಪವನ್ನೂ ಹಾಕಿದಳು. ನಾಲ್ಕು ದಿನಕ್ಕೆ ತವರಿಗೆ ಹೋಗುವವರು ದೇವರ ದೀಪ ಕಟ್ಟಿಕೊಂಡು ಹೋಗುವುದಿಲ್ಲ ಎಂಬುದು ದೇವದಾಸನಂಥವನಿಗೂ ಹೊಳೆಯಿತು.

"ಹೋಗಬೇಡ ಮಾರಾಯ್ತಿ. ನಿನಗೆ ಎಂತ ಬೇಕು ಹೇಳು, ತಂದುಕೊಡ್ತೇನೆ."

"ಎಂತದೂ ಬೇಡ," ಎಂದವಳು ಟ್ರಂಕಿನ ಮುಚ್ಚಳ ಹಾಕಿ, "ಬಿಸಿ ಶ್ಯಾವಿಗೆ ಒತ್ತಿ ಕಾಯಿಹಾಲು ಹಾಕಿ ತಿಂದು ಎಂಟು ತಿಂಗಳಾಯ್ತು. ಅದೊಂದಾದ್ರೂ ಇದ್ದಿದ್ರೆ ಈ ಊರಲ್ಲೂ ಮನುಷ್ಯರು ಬದುಕಬಹುದು ಅಂತ ಅನ್ನಿಸ್ತಿತ್ತೋ ಏನೋ," ಎಂದಳು.

ಇಷ್ಟು ಸಾಕಾಯಿತು ಅವನಿಗೆ. ಶ್ಯಾವಿಗೆ ತಾನೇ? ಆದರೆ ಶ್ಯಾವಿಗೆಗೆ ಒರಳು ಬೇಕು, ಮತ್ತು ಅವನಿಗೆ ತಿಳಿದ ಮಟ್ಟಿಗೆ ಇಡೀ ಕಲ್ಕತ್ತೆಯ ಕನ್ನಡಿಗರಿಗೆಲ್ಲ ಸೇರಿ ಇದ್ದದ್ದು ಒಂದೇ ಒರಳು. ಅದು ಸದರ್ನ್ ಅವೆನ್ಯೂದ ಇಂದಿರಮ್ಮನವರದು. ಇಂದಿರಮ್ಮ ಮೈಸೂರಿನ ಕಡೆಯವರು, ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹೊನ್ನಪ್ಪನವರ ಪತ್ನಿ. ಅವರು ಬಾಯಿ ತೆರೆದರೆ ಹೊನ್ನಪ್ಪನವರು ಪತ್ರಿಕೆಯ ಹಿಂದೆ ಅಡಗಿಕೊಳ್ಳುತ್ತಿದ್ದರು. ಒರಳೆಂದರೆ ಅಂತಿಂಥದ್ದಲ್ಲ: ಮೂರು ಕಬ್ಬಿಣದ ಕಾಲು, ನಡುವೆ ಹಿತ್ತಾಳೆಯ ಕೊಳವೆ, ನೆತ್ತಿಯ ಮೇಲೆ ಎರಡು ತೋಳಿನ ತಿರುಪು. ಸೊಂಟದ ಮೇಲೆ ಕೈಯಿಟ್ಟು ನಿಂತ ಇಂದಿರಮ್ಮನವರ ಹಾಗೆಯೇ ಇತ್ತು.

"ನೋಡಪ್ಪಾ," ಎಂದರು ಇಂದಿರಮ್ಮ. "ಹುಣಸೇಹಣ್ಣು ಹಾಕಿ ಬೆಳಗಬೇಕು. ಕಬ್ಬಿಣದ ಕಾಲಿಗೆ ನೀರು ತಾಕಿದ್ರೆ ಆಗಲೇ ಒರೆಸಬೇಕು. ಒಳಗಿನ ತೂತಿನ ಬಿಲ್ಲೆ ಕಳೀಬಾರ್ದು. ಮಂಗಳವಾರ ಶುಕ್ರವಾರ ವಾಪಸ್ ತರಬಾರ್ದು. ಬರಿದಾಗಿ ತರಬಾರ್ದು, ಒಳಗೆ ಒಂದು ಹಿಡಿ ಅಕ್ಕಿ ಹಾಕಿ ತರಬೇಕು. ಇಪ್ಪತ್ತಾರು ವರ್ಷದಲ್ಲಿ ನಲವತ್ತು ಮನೆ ಸುತ್ತಿ ಬಂದಿದೆ, ಒಂದು ಗೀರು ಬಿದ್ದಿಲ್ಲ. ತಿಳೀತಾ?"

"ತಿಳೀತಮ್ಮಾ," ಎಂದು ದೇವದಾಸ ಒರಳನ್ನು ಮಗುವಿನಂತೆ ಎತ್ತಿಕೊಂಡ.

ಇಲ್ಲಿಯವರೆಗೆ ಎಲ್ಲ ಸರಿಯೇ. ಆದರೆ ಕೋಟು ಹಾಕಿಕೊಂಡ ಬ್ಯಾಂಕಿನವನು ಅಡುಗೆಮನೆಯ ಸಾಮಾನು ಹೊತ್ತುಕೊಂಡು ಟ್ರಾಮು ಹತ್ತುವುದೆಂದರೆ ಏನು ಚಂದ? ಅದಕ್ಕಾಗಿ ಅವನು ಮೊದಲೇ ಬ್ಯಾಂಕಿನ ಹೆಸರು ಅಚ್ಚೊತ್ತಿದ ಒಂದು ಕ್ಯಾನ್ವಾಸ್ ಚೀಲ ತಂದಿದ್ದ. ಚೀಲದೊಳಗೆ ಒರಳು ಹಿಡಿಯಿತು, ಅದರ ಮೂರು ಕಾಲು ಹಿಡಿಯಲಿಲ್ಲ. ಬ್ಯಾಂಕಿನ ಹೆಸರಿನ ಮೇಲುಗಡೆ ಮೂರು ಕಬ್ಬಿಣದ ಕಾಲು ಆಕಾಶ ನೋಡುತ್ತಿದ್ದವು. ಹಾಗೇ ಮೊಮಿನ್‌ಪುರದಲ್ಲಿ ಟ್ರಾಮು ಬದಲಿಸಿ, ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಫ್ಯಾನಿನ ಕೆಳಗೆ ಗಂಭೀರವಾಗಿ ಕೂತ.

ಪಕ್ಕದಲ್ಲಿ ಮಂಕಿ ಟೋಪಿ ಹಾಕಿದ ವೃದ್ಧರೊಬ್ಬರಿದ್ದರು. ಹೆಸರು ಘಟಕ್ ಬಾಬು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಅವರ ದೃಷ್ಟಿ ಆ ಮೂರು ಕಾಲುಗಳ ಮೇಲೆ ಬಿತ್ತು.

"ಏಟಾ ಕೀ, ಮೊಶಾಯ್?" ಎಂದರು. ಇದೇನು ಸ್ವಾಮಿ, ಎಂದು. ಮುಂದಿನ ಮಾತೆಲ್ಲ ಅರ್ಧ ಹಿಂದಿ, ಕಾಲು ಇಂಗ್ಲಿಷು, ಕಾಲು ಬಂಗಾಳಿಯಲ್ಲಿ ನಡೆಯಿತು. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಕೇಳೋಣ.

ಶ್ಯಾವಿಗೆ ಒರಳು ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ದೇವದಾಸ ಕೋಟಿನ ಗುಂಡಿ ಸರಿಮಾಡಿಕೊಂಡು, "ಬ್ಯಾಂಕಿನ ಯಂತ್ರ," ಎಂದ.

"ಓಹೋ! ತಾವು ಬ್ಯಾಂಕಿನ ಅಧಿಕಾರಿಗಳೋ?"

ಅಧಿಕಾರಿ! ಹುಟ್ಟಿದಂದಿನಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. "ಹ್ಞೂಂ," ಎಂದ.

"ಏನು ಮಾಡುತ್ತದೆ ಈ ಯಂತ್ರ?"

"ಒತ್ತುತ್ತದೆ."

"ಏನನ್ನು ಒತ್ತುತ್ತದೆ?"

"ಅದು... ಸೀಲು. ಗುಟ್ಟಿನ ಸೀಲು. ಹೆಡ್ಡಾಫೀಸಿನದು."

ಘಟಕ್ ಬಾಬು ಕುತೂಹಲದಿಂದ ಬಗ್ಗಿದರು. ತಿರುಪಿನ ಸುತ್ತು ಎಷ್ಟು? ಒಂದು ಅಂಗುಲಕ್ಕೆ ಒತ್ತಡ ಎಷ್ಟು? ಹಿತ್ತಾಳೆಯೇ ಯಾಕೆ, ಉಕ್ಕು ಯಾಕಲ್ಲ? ದೇವದಾಸನಿಗೆ ಬೆವರು ಕಿತ್ತುಕೊಂಡಿತು. ಕೊನೆಗೆ ಅವರು ತರಗತಿಯ ಧ್ವನಿಯಲ್ಲಿ ಕೇಳಿಯೇಬಿಟ್ಟರು: "ಅಲ್ಲ ಸ್ವಾಮಿ, ಗುಟ್ಟಿನ ಯಂತ್ರ ಅಂತೀರಿ. ಕಾವಲಿಗೆ ಒಬ್ಬ ಪೊಲೀಸಿನವನೂ ಇಲ್ಲದೆ ಟ್ರಾಮಿನಲ್ಲಿ ಒಯ್ಯುವುದೇ? ಕಾಲ ಎಂಥದು, ಗೊತ್ತಿದೆಯೇ?"

ಇಡೀ ಫಸ್ಟ್ ಕ್ಲಾಸು ತಿರುಗಿ ನೋಡಿತು. ಬಂದೂಕಿನವನು ಬೇಕಿತ್ತು ಎಂದು ಒಬ್ಬ. ವ್ಯಾನು ಬೇಕಿತ್ತು ಎಂದು ಇನ್ನೊಬ್ಬ. ಸರ್ಕಾರವೇ ಸರಿಯಿಲ್ಲ ಎಂದು ಮೂರನೆಯವನು. ಚರ್ಚೆಗೆ ಕಾವೇರುತ್ತಿದ್ದಂತೆ ದೇವದಾಸ ತಾರಾತಲಾದಲ್ಲಿ, ತನ್ನ ಸ್ಟಾಪು ಬರುವ ಮೊದಲೇ, ದಡಬಡನೆ ಇಳಿದುಬಿಟ್ಟ. ಬದುಕಿದೆಯಾ ಬಡಜೀವವೇ ಎಂದು ಉಳಿದ ದಾರಿಯನ್ನು ನಡೆದೇ ಹೋದ. ಕೈಬೀಸಿಕೊಂಡು ನಡೆಯುವುದು ಎಷ್ಟು ಹಗುರವಾಗಿದೆ ಎಂದು ದಾರಿಯುದ್ದಕ್ಕೂ ಅವನಿಗೆ ಸಂತೋಷವಾಗುತ್ತಿತ್ತು.

ಸುಗಂಧಿ ಅಕ್ಕಿ ನೆನೆಹಾಕಿ ಬಾಗಿಲಲ್ಲೇ ಕಾಯುತ್ತಿದ್ದಳು. "ಎಲ್ಲಿ ಒರಳು?"

"ಯಾವ ಒರಳು?" ಎಂದ ದೇವದಾಸ.

ಆಮೇಲೆ ಆ ಮನೆಯಲ್ಲಿ ಏನಾಯಿತೆಂದು ವಿವರಿಸುವುದು ಬೇಡ. ಟ್ರಾಮು ಡಿಪೋಗೆ ಅವನು ಓಡಿದ್ದು, ಕಚೇರಿ ಮುಚ್ಚಿದೆ, ಸೋಮವಾರ ಬಾ ಎಂದು ಅವರು ಹೇಳಿದ್ದು, ಅವನು ಹಿಂದಿರುಗಿದ್ದು ಎಲ್ಲ ಒಂದು ತೂಕ. ಸುಗಂಧಿ ಕೂಗಾಡದೆ ಹೇಳಿದ ಮಾತು ಇನ್ನೊಂದು ತೂಕ.

"ಈ ಊರಲ್ಲಿ ನನ್ನ ಭಾಷೆ ಮಾತಾಡುವ ಹೆಂಗಸರು ಇರುವುದೇ ಬೆರಳೆಣಿಕೆ. ಅವರಿಗೆಲ್ಲ ಹಿರಿಯರು ಇಂದಿರಮ್ಮ. ಅವರ ಒರಳು ಕಳೆದವಳು ಅಂತ ಹೇಳಿಸಿಕೊಂಡು ನಾನು ಇಲ್ಲಿ ಇರುವುದಿಲ್ಲ. ಗುರುವಾರದೊಳಗೆ ಅದು ಸಿಕ್ಕಲಿಲ್ಲವೋ, ಹೋದವಳು ಮತ್ತೆ ಬರುವುದೂ ಇಲ್ಲ."

ಸೋಮವಾರ ಅವನು ರಜೆ ಹಾಕಿ ಟ್ರಾಮಿನವರ ಕಳೆದ ಸಾಮಾನುಗಳ ಕಚೇರಿಗೆ ಹೋದ. ಅದೊಂದು ಉದ್ದನೆಯ ಕತ್ತಲೆ ಕೋಣೆ. ಗೋಡೆಯುದ್ದಕ್ಕೂ ಕೊಡೆಗಳು, ರಾಶಿ ಮಂಕಿ ಟೋಪಿಗಳು, ಜೊತೆ ತಪ್ಪಿದ ಚಪ್ಪಲಿಗಳು, ಗಾಜಿನ ಲೋಟದಲ್ಲಿ ನಗುತ್ತಿದ್ದ ಒಂದು ಹಲ್ಲಿನ ಸೆಟ್ಟು, ಮೂಲೆಯಲ್ಲೊಂದು ಹಾರ್ಮೋನಿಯಂ. ಇವೆಲ್ಲದರ ನಡುವೆ ಶಾಲು ಹೊದ್ದು ಕೂತಿದ್ದ ಅಧಿಕಾರಿಯೇ ಹಾಲ್ದಾರ್ ಬಾಬು. ಅವರ ಹಿಂದಿನ ಬೀರುವಿನ ಮೇಲೆ, ಅರಗಿನ ಮುದ್ರೆ ಹಾಕಿಸಿಕೊಂಡು, ಒರಳು ಕೂತಿತ್ತು.

"ಅದು ನಂದು!" ಎಂದು ದೇವದಾಸ ಕೂಗಿದ.

ಹಾಲ್ದಾರ್ ಬಾಬು ಕನ್ನಡಕ ಏರಿಸಿ ಒಂದು ಕಾಗದದ ಕಟ್ಟು ತೆಗೆದರು. ಘಟಕ್ ಬಾಬು ಸತ್ಪ್ರಜೆಯಾಗಿ ಚೀಲವನ್ನು ಒಪ್ಪಿಸಿ, ನಾಲ್ಕು ಪುಟದ ಹೇಳಿಕೆಯನ್ನೂ ಬರೆದುಕೊಟ್ಟಿದ್ದರು. ಜೊತೆಗೆ ಬಾಣದ ಗುರುತು ಹಾಕಿದ ಚಿತ್ರವೂ ಇತ್ತು.

"ಬ್ಯಾಂಕಿನ ಗುಟ್ಟಿನ ಸೀಲು ಒತ್ತುವ ಯಂತ್ರ," ಎಂದು ಓದಿದರು ಹಾಲ್ದಾರ್ ಬಾಬು. "ಬ್ಯಾಂಕಿನ ಪತ್ರ ತನ್ನಿ. ಮ್ಯಾನೇಜರರ ಸಹಿ ಬೇಕು."

"ಅಯ್ಯೋ, ಅದು ಅಡುಗೆಮನೆಯ ಸಾಮಾನು ಸ್ವಾಮಿ!"

"ಮೂರು ಕಾಲಿನ ಅಡುಗೆ ಸಾಮಾನೇ? ಟ್ರಾಮಿನಲ್ಲಿ ಯಂತ್ರ ಅಂದವರೂ ನೀವೇ, ಈಗ ಅಡುಗೆ ಅನ್ನುವವರೂ ನೀವೇ. ಆಗ ಸುಳ್ಳು ಹೇಳಿದಿರೋ, ಈಗ ಹೇಳುತ್ತಿದ್ದೀರೋ?"

"ಆಗ."

"ಇದನ್ನು ನಂಬುವುದು ಹೇಗೆ? ಸುಳ್ಳು ಹೇಳುವವರೆಲ್ಲ ಹೀಗೇ ಹೇಳುತ್ತಾರೆ." ಅವರು ಮೂಲೆಯ ಕಡೆ ಬೆರಳು ತೋರಿಸಿದರು. "ಆ ಹಾರ್ಮೋನಿಯಂ ನೋಡಿ. ನಂದು ಅಂತ ಒಬ್ಬ ಬಂದ. ನುಡಿಸಿ ತೋರಿಸು ಅಂದೆ. ಶ್ರುತಿ ತಪ್ಪಿತು. ಕೊಡಲಿಲ್ಲ."

ಕರ್ತವ್ಯನಿಷ್ಠರಾದ ಹಾಲ್ದಾರ್ ಬಾಬು ಅಷ್ಟಕ್ಕೇ ಬಿಡಲಿಲ್ಲ. ದೇವದಾಸ ಹೊರಗೆ ಕಾಲಿಟ್ಟ ಕೂಡಲೇ ಬ್ಯಾಂಕಿಗೆ ಫೋನು ಮಾಡಿದರು.

ಮಂಗಳವಾರ ಬೆಳಿಗ್ಗೆ ದೇವದಾಸ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಬಸವಲಿಂಗಪ್ಪನವರು ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು. ಧಾರವಾಡದವರು, ಸಜ್ಜನರು. ಅವರ ಎದುರು ಶಾಖೆಯಲ್ಲಿದ್ದ ಸೀಲುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದರು. ಒಂದೂ ಕಡಿಮೆಯಿರಲಿಲ್ಲ. ಅವರ ಸಂಕಟವೂ ಅದೇ ಆಗಿತ್ತು.

"ಏನ್ ಅನ್ಯಾಯರೀ ಇದು! ನಮ್ಮ ಬ್ಯಾಂಕಿನ ಗುಟ್ಟಿನ ಮಷೀನ ಟ್ರಾಮಿನ್ಯಾಗ ಸಿಕ್ಕೈತಂತ. ಹೆಡ್ಡಾಫೀಸಿನವ್ರು ನನಗೊಂದು ಮಾತ ಹೇಳಬಾರದಿತ್ತೇನ್ರೀ? ಹದಿನೆಂಟು ವರ್ಷ ಸರ್ವೀಸ ಮಾಡೇನಿ!"

"ಸರ್, ಆ ಯಂತ್ರ—"

"ನೀವು ಸುಮ್ನಿರ್ರಿ ದೇವದಾಸ. ಇದು ದೊಡ್ಡವರ ವಿಚಾರ ಐತಿ."

ನಮ್ಮದಲ್ಲ ಎಂದರೆ, ಒಂದು ವೇಳೆ ನಮ್ಮದೇ ಆಗಿದ್ದರೆ ಗತಿ ಏನು? ನಮ್ಮದು ಎಂದರೆ, ಅದು ಟ್ರಾಮಿಗೆ ಹೋದದ್ದು ಹೇಗೆ? ಬಸವಲಿಂಗಪ್ಪನವರು ಬಾಗಿಲು ಹಾಕಿಕೊಂಡು ಹೆಡ್ಡಾಫೀಸಿಗೆ ಟ್ರಂಕ್ ಕಾಲ್ ಮಾಡಿದರು. ಆ ಕಾಲದ ಟ್ರಂಕ್ ಕಾಲಿನಲ್ಲಿ ಗುಟ್ಟು ಮಾತಾಡಬೇಕಾದರೆ ಬೀದಿಗೆ ಕೇಳುವಂತೆ ಕೂಗಬೇಕು. "ಹಲೋ! ಗುಟ್ಟಿನ ಮಷೀನ! ಸೀಲ ಒತ್ತೋ ಮಷೀನ!" ಎಂದು ಅವರು ಕೂಗಿದ್ದು ಹೊರಗಿದ್ದ ನಲವತ್ತು ಗುಮಾಸ್ತರಿಗೂ ಕೇಳಿಸಿತು.

ಯೂನಿಯನ್ನಿನ ಕಾರ್ಯದರ್ಶಿ ಮಜುಂದಾರ್ ತಟ್ಟನೆ ಎದ್ದು ನಿಂತ. ಯಂತ್ರಗಳು ಬಂದು ಕೆಲಸ ನುಂಗುತ್ತವೆ ಎಂದು ಊರಿನ ಕಚೇರಿಗಳಲ್ಲೆಲ್ಲ ಗಲಾಟೆ ನಡೆಯುತ್ತಿದ್ದ ದಿನಗಳು ಅವು.

"ಕೇಳಿದಿರಾ ಬಂಧುಗಳೇ? ತಾನಾಗಿ ಸೀಲು ಒತ್ತುವ ಯಂತ್ರ! ಕಳ್ಳದಾರಿಯಲ್ಲಿ ಟ್ರಾಮಿನಲ್ಲಿ ತರಿಸುತ್ತಿದ್ದಾರೆ! ಇವತ್ತು ಸೀಲು, ನಾಳೆ ಸಹಿ, ನಾಡಿದ್ದು ನಮ್ಮ ಕುರ್ಚಿ. ಚೋಲ್ಬೇ ನಾ!"

"ಚೋಲ್ಬೇ ನಾ! ಚೋಲ್ಬೇ ನಾ!" ನಡೆಯೋದಿಲ್ಲ, ನಡೆಯೋದಿಲ್ಲ ಎಂದು ನಲವತ್ತು ಜನ ಕೈಯೆತ್ತಿ ಕೂಗಿದರು. ಕೌಂಟರು ಮುಚ್ಚಿತು. ದೇವದಾಸನೂ ಯೂನಿಯನ್ ಸದಸ್ಯನೇ ಆದ್ದರಿಂದ ಎರಡನೆಯ ಸಾಲಿನಲ್ಲಿ ನಿಂತು, ಇಂದಿರಮ್ಮನವರ ಶ್ಯಾವಿಗೆ ಒರಳಿನ ವಿರುದ್ಧ ಒಂದೂವರೆ ಗಂಟೆ ಘೋಷಣೆ ಕೂಗಿದ. ಅವನ ಗಂಟಲು ಬಿದ್ದುಹೋಯಿತು.

ಊಟದ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಮ್ಯಾನೇಜರೂ ಮಜುಂದಾರನೂ ಮುಖಾಮುಖಿ ನಿಂತಿದ್ದ ಕೋಣೆಗೆ ನುಗ್ಗಿ, ಬಿದ್ದುಹೋದ ಗಂಟಲಿನಲ್ಲೇ ಎಲ್ಲವನ್ನೂ ಕಕ್ಕಿಬಿಟ್ಟ. "ಅದು ಯಂತ್ರ ಅಲ್ಲ ಸರ್. ಶ್ಯಾವಿಗೆ ಒತ್ತುವ ಒರಳು. ನೀವು ಕನ್ನಡದವರು, ನೀವಾದ್ರೂ ಹೇಳಿ ಇವರಿಗೆ!"

ಬಸವಲಿಂಗಪ್ಪನವರು ಹುಬ್ಬು ಗಂಟಿಕ್ಕಿದರು. "ಶಾವಿಗೀನ? ಶಾವಿಗೀಗೆ ಮೂರು ಕಾಲಿನ ಮಷೀನ ಯಾಕ ಬೇಕ್ರೀ? ಗೋದಿ ಹಿಟ್ಟು ನಾದಿ, ಮಣೀ ಮ್ಯಾಲೆ ಕೈಲೆ ಹೊಸೆದು, ಬಿಸಲಾಗ ಒಣಗಸ್ತಾರ. ನಮ್ಮವ್ವ ಎಪ್ಪತ್ತು ವರ್ಷ ಹಂಗ ಮಾಡ್ಯಾಳ. ಯಾರಿಗೆ ಹೇಳ್ತೀರಿ ನೀವು?"

"ನಮ್ಮ ಕಡೆ ಅಕ್ಕಿಯಲ್ಲಿ ಮಾಡುವುದು ಸರ್..."

"ಅಕ್ಕೀಲೇ ಶಾವಿಗಿ! ಕೇಳ್ರಿ ಇದನ್ನ!"

ಮಜುಂದಾರ್ ಗೆದ್ದವನ ಹಾಗೆ ನಕ್ಕ. ದೇವದಾಸನದೇ ಭಾಷೆಯ ಮ್ಯಾನೇಜರ್ ಕೂಡ ಇಂಥದೊಂದು ವಸ್ತುವೇ ಇಲ್ಲ ಎನ್ನುತ್ತಿದ್ದಾರೆ. ಇನ್ನೇನು ಸಾಕ್ಷಿ ಬೇಕು? ಹೆಡ್ಡಾಫೀಸಿನವರು ಬಡಪಾಯಿ ಗುಮಾಸ್ತನನ್ನು ಮುಂದೆ ಬಿಟ್ಟು ಕಟ್ಟುಕಥೆ ಹೇಳಿಸುತ್ತಿದ್ದಾರೆ. "ಸತ್ಯವಾದರೆ ಕಾರ್ಮಿಕರ ಎದುರಿಗೆ ಒತ್ತಿ ತೋರಿಸಲಿ!" ಎಂದ. ಟ್ರಾಮಿನವರಿಗೆ ಫೋನು ಹೋಯಿತು. ವಸ್ತುವನ್ನು ಬಳಸಿ ತೋರಿಸುವುದು ತಮ್ಮ ಕಚೇರಿಯ ಪದ್ಧತಿಯೇ, ಹಾರ್ಮೋನಿಯಮ್ಮಿನ ಉದಾಹರಣೆ ಇದೆ, ಬುಧವಾರ ಮಧ್ಯಾಹ್ನ ಬನ್ನಿ ಎಂದರು ಹಾಲ್ದಾರ್ ಬಾಬು.

ಮನೆಗೆ ಬಂದು ಹೇಳಿದಾಗ ಸುಗಂಧಿ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಳು.

"ನಾನಾ? ಅಷ್ಟು ಜನ ಗಂಡಸರ ಎದುರು? ನನಗೆ ಬಂಗಾಳಿ ಎಲ್ಲಿ ಬರ್ತದೆ?"

"ಮಾತಾಡುವುದು ಬೇಡ. ಒತ್ತಿದರೆ ಸಾಕು. ನಾನೇ ಒತ್ತೇನು, ಆದರೆ ಹಿಟ್ಟು..."

"ನೀವು ಒತ್ತುವುದಾ?" ಎಂದು ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹಗ್ಗ ಬಿಟ್ಟು ಎದ್ದು ಅಕ್ಕಿ ನೆನೆಹಾಕಿದಳು. "ಇಂದಿರಮ್ಮನ ಒರಳು ಅವರ ಕೈಗೆ ಸೇರಿದ್ರೆ, ಹೋಗುವಾಗ ತಲೆ ಎತ್ತಿಕೊಂಡಾದ್ರೂ ಹೋಗ್ತೇನೆ."

ಹೋಗುವುದಂತೂ ಖಂಡಿತ ಎಂದಾಯಿತು.

ಬುಧವಾರ ಬೆಂದ ಹಿಟ್ಟಿನ ಉಂಡೆಗಳ ಪಾತ್ರೆಗೆ ಅವನ ಮಫ್ಲರು ಸುತ್ತಿ, ಕಾಯಿಹಾಲಿನ ತೂಗುಪಾತ್ರೆ ಹಿಡಿದು, ಬಾಳೆಲೆ ಕಂಕುಳಲ್ಲಿಟ್ಟುಕೊಂಡು ಇಬ್ಬರೂ ಟ್ರಾಮು ಹತ್ತಿದರು. ಪಾತ್ರೆಯನ್ನು ಸುಗಂಧಿ ಅವನ ಕೈಗೆ ಕೊಡಲಿಲ್ಲ. ಯಾಕೆಂದು ಅವನು ಕೇಳಲೂ ಇಲ್ಲ.

ಕಚೇರಿಯಲ್ಲಿ ಜಾತ್ರೆ ನೆರೆದಿತ್ತು. ಹಾಲ್ದಾರ್ ಬಾಬು, ಸಾಕ್ಷಿಯಾಗಿ ಘಟಕ್ ಬಾಬು, ಬಸವಲಿಂಗಪ್ಪನವರು, ಮಜುಂದಾರ್ ಮತ್ತವನ ಕಡೆಯ ಆರು ಜನ, ಡ್ಯೂಟಿ ಮುಗಿದ ಕಂಡಕ್ಟರುಗಳು. ಲೋಡ್ ಶೆಡ್ಡಿಂಗ್ ಬೇರೆ. ಕಿಟಕಿಯ ಬೆಳಕೇ ಗತಿ. ಉಂಡೆಯ ಪಾತ್ರೆಯನ್ನು ಕಚೇರಿಯ ಚಹಾ ಸ್ಟೌವಿನ ಮೇಲೆ ಏರಿಸಿದ್ದಾಯಿತು. ಅರಗಿನ ಮುದ್ರೆ ಒಡೆದು ಒರಳನ್ನು ಕೆಳಗಿಟ್ಟರು. ಸುಗಂಧಿ ತಲೆ ತಗ್ಗಿಸಿಕೊಂಡೇ ಹತ್ತಿರ ಹೋದಳು. ಬಗ್ಗಿ ನೋಡಿದಳು. ಕಬ್ಬಿಣದ ಒಂದು ಕಾಲಿನಲ್ಲಿ ಹೆಬ್ಬೆಟ್ಟಿನಷ್ಟು ತುಕ್ಕು ಹಿಡಿದಿತ್ತು.

"ಇದಕ್ಕೆ ನೀರು ತಾಗಿಸಿದ್ದು ಯಾರು?"

ಅಚ್ಚ ಕುಂದಾಪುರದ ಗಂಟಲು. ಎಂಟು ತಿಂಗಳಿಂದ ಒಳಗೇ ಇದ್ದದ್ದು ಒಮ್ಮೆಗೇ ಹೊರಬಿತ್ತು. ಕಿಟಕಿಯ ಗಾಜು ಅದುರಿತು. ಹಾಲ್ದಾರ್ ಬಾಬುಗೆ ಕನ್ನಡದ ಒಂದಕ್ಷರ ಗೊತ್ತಿಲ್ಲ, ಆದರೂ ಎರಡು ಹೆಜ್ಜೆ ಹಿಂದೆ ಸರಿದು, "ಆಮಿ ನಾ, ಆಮಿ ನಾ!" ನಾನಲ್ಲ, ನಾನಲ್ಲ ಎಂದರು.

"ಯಾರಾದ್ರೂ ಆಗಲಿ, ಒರೆಸಿ ಮೊದಲು!"

ಹಾಲ್ದಾರ್ ಬಾಬು ತಮ್ಮ ಶಾಲಿನ ತುದಿಯಿಂದಲೇ ಒರೆಸಿದರು. ಆಮೇಲೆ ಸುಗಂಧಿಗೆ ತಡೆಯೇ ಇರಲಿಲ್ಲ. ಬಿಸಿ ಉಂಡೆ ಕೊಳವೆಗೆ ತುಂಬಿದಳು. "ನೀವು ಕಾಲು ಹಿಡ್ಕೊಳ್ಳಿ, ಗಟ್ಟಿ!" ಹಾಲ್ದಾರ್ ಬಾಬು ನೆಲದ ಮೇಲೆ ಕೂತು ಹಿಡಿದರು. "ಅಜ್ಜಾ, ನೀವು ಎಲೆ ಹಿಡೀರಿ, ಎಳೆ ಬಂದ ಹಾಗೆ ತಿರುಗಿಸಬೇಕು!" ಘಟಕ್ ಬಾಬು ಮಂಕಿ ಟೋಪಿ ತೆಗೆದಿಟ್ಟು ಎಲೆ ಹಿಡಿದರು. "ನೀನು ಎಂತ ನೋಡುವುದು? ತೋಳು ಉಂಟಲ್ಲ? ತಿರುಗಿಸು!" ಇದು ಮಜುಂದಾರನಿಗೆ. ಮ್ಯಾನೇಜರರ ಮಾತನ್ನು ಎಂದೂ ಕೇಳದ ಮನುಷ್ಯ ಜುಬ್ಬದ ತೋಳು ಮಡಚಿ ತಿರುಪಿಗೆ ಕೈಕೊಟ್ಟ. "ನಿಲ್ಲಿಸಬೇಡ! ತಣಿದರೆ ಆ ಹನುಮಂತನೇ ಬಂದರೂ ತಿರುಗುವುದಿಲ್ಲ! ಹ್ಞಾಂ, ಇನ್ನೂ, ಇನ್ನೂ!"

ದೇವದಾಸ ಕಾಯಿಹಾಲು ಹಿಡಿದು ನಿಂತವನು ನಿಂತೇ ಇದ್ದ. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗ ಅಂಗಳದಾಚೆಯಿಂದ ಕೇಳಿದ್ದ ಧ್ವನಿ ಅದು. ಮತ್ತೆ ಕೇಳಿ ಅವನಿಗೆ ಕಣ್ಣಲ್ಲಿ ನೀರು ಬಂತು.

ಹಿತ್ತಾಳೆಯ ಕೊಳವೆಯ ಕೆಳಗೆ ಮೊದಲು ಒಂದು ಎಳೆ ಇಣುಕಿತು. ಆಮೇಲೆ ಹತ್ತು, ಆಮೇಲೆ ಬೆಳ್ಳಗಿನ ಸುರುಳಿ ಸುರುಳಿ ಶ್ಯಾವಿಗೆ ಬಿಸಿ ಹಬೆಯಾಡುತ್ತ ಬಾಳೆಲೆಯ ಮೇಲೆ ಇಳಿಯಿತು.

"ಚಮತ್ಕಾರ್!" ಎಂದರು ಘಟಕ್ ಬಾಬು. ತಮ್ಮ ನಾಲ್ಕು ಪುಟದ ಹೇಳಿಕೆಯನ್ನು ಅಲ್ಲೇ ವಾಪಸು ಪಡೆದರು. ಚಿತ್ರ ಮಾತ್ರ ಸರಿಯಾಗಿದೆ, ಅದು ಕಡತದಲ್ಲಿರಲಿ ಎಂದರು.

ಮಜುಂದಾರ್ ಬೆವರು ಒರೆಸಿಕೊಂಡು ಏದುಸಿರು ಬಿಡುತ್ತ ತನ್ನವರ ಕಡೆ ತಿರುಗಿದ. "ಬಂಧುಗಳೇ, ಪರೀಕ್ಷಿಸಿ ಹೇಳುತ್ತಿದ್ದೇನೆ. ಒಬ್ಬರು ತುಂಬಬೇಕು, ಒಬ್ಬರು ಹಿಡಿಯಬೇಕು, ಒಬ್ಬರು ತಿರುಗಿಸಬೇಕು, ಒಬ್ಬರು ಎಲೆ ನೋಡಬೇಕು. ಒಂದು ಯಂತ್ರಕ್ಕೆ ನಾಲ್ಕು ಜನ! ಇದು ಕೆಲಸ ಕಸಿಯುವ ಯಂತ್ರವಲ್ಲ, ಕೆಲಸ ಕೊಡುವ ಯಂತ್ರ. ಇಂಥದ್ದು ಬ್ಯಾಂಕಿಗೆ ಎಷ್ಟು ಬೇಕಾದರೂ ಬರಲಿ!"

ಕಾಯಿಹಾಲಿಗೆ ಹಾಕಲು ತಂದಿದ್ದ ಬೆಲ್ಲ ಅಷ್ಟು ಜನಕ್ಕೆ ಎಲ್ಲಿ ಸಾಲಬೇಕು? ಬೆಳಿಗ್ಗೆ ಬೆಹಾಲಾ ಕಡೆಯ ಟ್ರಾಮಿನಲ್ಲಿ ಯಾರೋ ಬಿಟ್ಟುಹೋದ ಖರ್ಜೂರದ ಬೆಲ್ಲದ ಮಡಕೆಯೊಂದು ಕಚೇರಿಯಲ್ಲಿತ್ತು. ಕೆಡುವ ಪದಾರ್ಥವನ್ನು ಅದೇ ದಿನ ಹರಾಜು ಹಾಕಬೇಕೆಂಬುದು ನಿಯಮ. ಹಾಲ್ದಾರ್ ಬಾಬು ಕೂತಲ್ಲೇ ಹರಾಜು ಕೂಗಿದರು, ಬಸವಲಿಂಗಪ್ಪನವರು ಕೂತಲ್ಲೇ ಕೊಂಡರು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಇದು ಶಾವಿಗಿ ಅಲ್ಲ ಬಿಡ್ರಿ," ಎಂದರು. "ಆದ್ರ ಭಾಳ ಛಲೋ ಐತಿ. ಇನ್ನೊಂದೀಟು ನೀಡು ತಂಗಿ."

ತಿಂದವರೆಲ್ಲ ಕೈ ತೊಳೆದ ಮೇಲೆ ಹಾಲ್ದಾರ್ ಬಾಬು ರಿಜಿಸ್ಟರು ತೆರೆದರು. "ವಸ್ತು ಅಡುಗೆಯದೆಂದು ಸಿದ್ಧವಾಯಿತು. ಇದರ ಮಾಲೀಕರು ನೀವೇ ತಾನೇ?"

ದೇವದಾಸನಿಗೆ ಹೂಂ ಎನ್ನುವುದು ಎಷ್ಟು ಸುಲಭವಿತ್ತು! ಆದರೆ ಅವನ ಪಾಲಿನ ಸುಳ್ಳು ಶನಿವಾರವೇ ತೀರಿಹೋಗಿತ್ತು. "ಅಲ್ಲ," ಎಂದ.

ಹಾಲ್ದಾರ್ ಬಾಬು ಲೇಖನಿ ಕೆಳಗಿಟ್ಟರು. ಮಾಲೀಕರೇ ಬರಬೇಕು ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ, "ಬಂದಿದೀನಿ," ಎಂಬ ಧ್ವನಿ ಬಾಗಿಲಿನಿಂದ ಕೇಳಿತು. ಇಂದಿರಮ್ಮ ನಿಂತಿದ್ದರು, ಹಿಂದೆ ಪತ್ರಿಕೆ ಹಿಡಿದ ಹೊನ್ನಪ್ಪನವರು. ಬಸವಲಿಂಗಪ್ಪನವರ ಮನೆಗೆ ತಿಳಿದ ಸುದ್ದಿ ಸದರ್ನ್ ಅವೆನ್ಯೂಗೆ ತಲುಪಲು ಎಷ್ಟು ಹೊತ್ತು ಬೇಕು?

ಸುಗಂಧಿಯ ಮುಖ ಬಿಳಿಚಿತು. "ಅಮ್ಮಾ, ತಪ್ಪಾಯ್ತು. ಕಾಲಿಗೆ ಸ್ವಲ್ಪ ತುಕ್ಕು..."

"ಸುಮ್ನಿರೇ," ಎಂದರು ಇಂದಿರಮ್ಮ. ಎಲೆಯ ಮೇಲೆ ಉಳಿದಿದ್ದ ಶ್ಯಾವಿಗೆಯ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. "ಆರು ವರ್ಷದಿಂದ ನನ್ನ ರಟ್ಟೆಗೆ ಇದನ್ನ ತಿರುಗ್ಸೋ ಶಕ್ತಿ ಇಲ್ಲ ಕಣಮ್ಮ. ಒತ್ತೋ ಕೈ ಒಂದು ಸಿಕ್ಕಿದ್ರೆ ಅಲ್ಲೇ ಬಿಟ್ಟುಬಿಡೋಣ ಅಂತ ಕೇಳಿದೋರಿಗೆಲ್ಲ ಕೊಡ್ತಾ ಬಂದೆ. ಏನ್ ಮಾಡೋದು, ಎಲ್ಲರೂ ಬೆಳಗಿ, ಅಕ್ಕಿ ತುಂಬಿ, ಜೋಪಾನವಾಗಿ ತಂದು ನನ್ನ ತಲೆಗೇ ಕಟ್ತಾರೆ! ರೇಷ್ಮೆ ಎಳೆ ಹಾಗೆ ಇಷ್ಟು ಸಣ್ಣಗೆ ಒತ್ತಿದೋರು ಒಬ್ಬರೂ ಇರಲಿಲ್ಲ." ಆಮೇಲೆ ಹಾಲ್ದಾರ್ ಬಾಬು ಕಡೆ ತಿರುಗಿ, ಇಪ್ಪತ್ತಾರು ವರ್ಷದ ನಿರರ್ಗಳ ಬಂಗಾಳಿಯಲ್ಲಿ, ನನ್ನ ವಸ್ತು ಇವಳಿಗೆ ಕೊಟ್ಟಿದ್ದೇನೆ, ಮಾಲೀಕಳು ಸುಗಂಧಿ ಎಂದು ಬರೆದುಕೊಳ್ಳಿ ಎಂದರು. ಮತ್ತೆ ಸುಗಂಧಿಗೆ, "ಇನ್ನು ಶ್ಯಾವಿಗೆ ತಿನ್ನಬೇಕು ಅನ್ನಿಸಿದ್ರೆ ನಾನೇ ನಿಮ್ಮನೆಗೆ ಬರ್ತೀನಿ. ಇರ್ತೀಯಾ ತಾನೇ?" ಎಂದರು.

ಸುಗಂಧಿ ಒರಳಿನ ತೋಳನ್ನು ಹಿಡಿದುಕೊಂಡೇ ನಿಂತಳು. ದೇವದಾಸ ಅವಳ ಮುಖ ನೋಡುವ ಧೈರ್ಯವಾಗದೆ ಗಾಜಿನ ಲೋಟದ ಹಲ್ಲಿನ ಸೆಟ್ಟನ್ನು ನೋಡುತ್ತ ನಿಂತ.

ಹಾಲ್ದಾರ್ ಬಾಬು ಹೆಸರು ಬರೆದರು. ಗಂಡನ ಹೆಸರು ಬರೆದರು. ಮುಂದಿನ ಕಾಲಮ್ಮಿಗೆ ಬಂದು, "ಖಾಯಂ ವಿಳಾಸ?" ಎಂದರು.

ದೇವದಾಸ ಬಾಯಿ ತೆರೆದ. ಯಾವ ಫಾರಮ್ಮಿನಲ್ಲಿ ಈ ಪ್ರಶ್ನೆ ಬಂದರೂ ಅವನು ಬರೆಸುತ್ತಿದ್ದದ್ದು ಒಂದೇ. "ಕುಂದಾಪುರ ತಾಲೂಕು, ದಕ್ಷಿಣ ಕನ್ನಡ—"

"ಅಲ್ಲ," ಎಂದಳು ಸುಗಂಧಿ. ಹಾಲ್ದಾರ್ ಬಾಬುಗೆ ಸರಿಯಾಗಿ ಕೇಳಿಸಲಿ ಎಂದು ಬಿಡಿಸಿ ಬಿಡಿಸಿ ಹೇಳಿದಳು: "ಬೆಹಾಲಾ. ಟ್ರಾಮ್ ಡಿಪೋ ಹಿಂದೆ. ಬರ್ಕೊಳ್ಳಿ."

ಹಾಲ್ದಾರ್ ಬಾಬು ಬರೆದುಕೊಂಡು ಸಹಿಗೆಂದು ಲೇಖನಿ ಚಾಚಿದರು. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡದಲ್ಲಿ ದುಂಡಗೆ ಸಹಿ ಹಾಕಿದಳು.